ಡೊಂಕು ಖಾರಿಗೆ ಕಾಯಿಹಾಲು

ಟೇಲರಮ್ಮನ ನಾಳೆ ಎಂದೂ ಬರುವುದಿಲ್ಲ ಎಂದು ಕುಮಟೆಯ ನಮ್ಮ ಕೇರಿಯಲ್ಲಿ ನನ್ನನ್ನು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಹಬ್ಬದ ಮುನ್ನಾದಿನ ರವಿಕೆ ಬಟ್ಟೆ ತಂದು ಟೇಬಲ್ಲಿಗೆ ಎಸೆದು ಹೋಗುವವರಿಗೆ ನಾಳೆ ಎನ್ನದೆ ಇನ್ನೇನು ಹೇಳಲಿ? ಆದರೆ ಕಳೆದ ವರ್ಷ ಒಂದು ಬಿಳಿ ಕೋಟನ್ನು ಮಾತ್ರ ನಾನು ಬೇಕಂತಲೇ ತಡಮಾಡಿದೆ. ಅದು ನನ್ನ ಪಕ್ಕದ ಅಂಗಡಿಯ ಬೇಕರಿಯವನದು.

ಅವನು ಮಾವಿನಕುರ್ವೆಯವನು, ನಮ್ಮ ಕೇರಿಯ ಅಳಿಯ. ಪ್ರವಾಸಿಗರ ದೊಡ್ಡ ಹಡಗುಗಳ ಅಡುಗೆಮನೆಯಲ್ಲಿ ವರ್ಷಗಟ್ಟಲೆ ದುಡಿದವನು. ಅಲ್ಲಿ ಫ್ರಾನ್ಸಿನ ಒಬ್ಬ ಮುದುಕ ಅವನಿಗೆ ಹಿಟ್ಟಿನ ನಡುವೆ ಬೆಣ್ಣೆ ಇಟ್ಟು ಮಡಚಿ ಮಡಚಿ ಲಟ್ಟಿಸುವುದನ್ನು ಕಲಿಸಿದನಂತೆ. ಜಪಾನಿನ ಒಬ್ಬ ಹೆಂಗಸು ಕೆಂಪು ಕಾಳನ್ನು ಬೇಯಿಸಿ, ಸಿಹಿ ಹಾಕಿ ಅರೆದು, ಬನ್ನಿನ ಹೊಟ್ಟೆಗೆ ತುಂಬುವುದನ್ನು ಕಲಿಸಿದಳಂತೆ. ಊರಿಗೆ ಬಂದು ಬೇಕರಿ ತೆರೆದಾಗ ಇವನು ಎರಡನ್ನೂ ಕೂಡಿಸಿದ. ಹೊರಗೆ ಫ್ರಾನ್ಸಿನ ಪದರ, ಒಳಗೆ ಜಪಾನಿನ ಹೂರಣ. ಜಪಾನಿನ ಕಾಳು ಇಲ್ಲಿ ಎಲ್ಲಿ ಸಿಗಬೇಕು, ಅದರ ಬದಲಿಗೆ ನಮ್ಮ ಕೆಂಪು ಅಲಸಂದೆ.

ಬೆಣ್ಣೆ ಕರಗಬಾರದೆಂದು ಹಿಂದಿನ ಕೋಣೆಗೆ ಏಸಿ ಹಾಕಿಸಿದ. ಗಲ್ಲಾದಲ್ಲಿ ಕೂರುವ ಹೆಂಡತಿಗೆ ಒಂದು ಟೇಬಲ್ ಫ್ಯಾನು. ‘ಬೆಣ್ಣೆಯಾಗಿ ಹುಟ್ಟಬೇಕಿತ್ತು ನಾನು’ ಎಂದು ಅವಳು ನಗುತ್ತಿದ್ದಳು. ಬಾಯಲ್ಲಿ ಹಾಗೆಂದರೂ ಅವಳ ಸಂತೋಷ ನನಗೆ ಗೊತ್ತಿತ್ತು. ಮದುವೆಯಾದಾಗಿನಿಂದ ಗಂಡನನ್ನು ಮೊಬೈಲಿನಲ್ಲಿ ನೋಡಿದ್ದೇ ಹೆಚ್ಚು. ಈಗ ಅವನು ಮೈತುಂಬ ಹಿಟ್ಟು ಮೆತ್ತಿಕೊಂಡು ಕರೆದರೆ ಓಗೊಡುವಷ್ಟು ಹತ್ತಿರದಲ್ಲಿದ್ದ. ಆದರೆ ಅಂಗಡಿ ತೆರೆಯುವಾಗಲೇ ಅವನು ಹೇಳಿಬಿಟ್ಟಿದ್ದ: ದೀಪಾವಳಿಯೊಳಗೆ ವ್ಯಾಪಾರ ಕುದುರದಿದ್ದರೆ ಮತ್ತೆ ಹಡಗು.

ವ್ಯಾಪಾರ ಕುದುರಲಿಲ್ಲ. ತಿಂಡಿಯಲ್ಲಿ ದೋಷವಿರಲಿಲ್ಲ, ದೋಷ ಇದ್ದದ್ದು ಅವನ ಮೂಗಿನ ತುದಿಯ ಸಿಟ್ಟಿನಲ್ಲಿ. ನಮ್ಮ ಕಡೆಯವರಿಗೆ ಬೇಕರಿಯ ತಿಂಡಿ ಕೈಗೆ ಬಂದರೆ ಇನ್ನೊಂದು ಕೈ ತಾನಾಗಿ ಚಾ ಲೋಟ ಹುಡುಕುತ್ತದೆ. ಟೋಸ್ಟು, ಪದರ ಪದರದ ಖಾರಿ ಬಿಸ್ಕತ್ತು, ಬಟರು ಎಲ್ಲ ಅದ್ದಿಯೇ ಆಗಬೇಕು. ಅದೇ ಬೆಣ್ಣೆ ಪದರದ ಹಿಟ್ಟನ್ನು ಕೊಂಬಿನಂತೆ ಬಾಗಿಸಿ ಅವನು ಮಾಡುತ್ತಿದ್ದ ಕ್ರೋಸಾಂ ಎಂಬ ಫ್ರಾನ್ಸಿನ ತಿಂಡಿಗೆ ಜನ ಡೊಂಕು ಖಾರಿ ಎಂದು ಹೆಸರಿಟ್ಟು, ಅದ್ದಿದರು.

ಪೇಟೆಯ ಹಿರಿಯರೊಬ್ಬರು ಒಂದು ದಿನ ಅಂಗಡಿಯಲ್ಲೇ ಕೂಗಿದರು. ‘ಎಂತ ಮಾರಾಯಾ, ನಿನ್ನ ಡೊಂಕು ಖಾರಿ ಚಾದಲ್ಲಿ ಮುಳುಗಿಯೇ ಹೋಯ್ತಲ್ಲ!’

‘ಅದು ಅದ್ದೂಕೆ ಮಾಡಿದ್ದಲ್ಲ. ಹಾಗೇ ತಿನ್ನೂದು’ ಎಂದ ಇವನು.

‘ನನ್ನ ಚಾ, ನನ್ನ ಬಾಯಿ. ನಿಂದೆಂತ ಹೋಗ್ತದೆ?’

ಮರುದಿನ ಗೋಡೆಯ ಮೇಲೆ ಬೋರ್ಡು ಬಂತು: ‘ಚಹಾದಲ್ಲಿ ಅದ್ದಬೇಡಿ.’ ಊರಿಗೆಲ್ಲ ಉಪದೇಶ ಹೇಳುವ ಬೇಕರಿಗೆ ಯಾರು ಬರುತ್ತಾರೆ? ಹೂರಣದ ಬನ್ನು ಕೊಳ್ಳುವ ಹೆಂಗಸರು ಏಲಕ್ಕಿ ಯಾಕಿಲ್ಲ ಎಂದರೆ ಅದಕ್ಕೂ ಉಪದೇಶ. ನಾನೇ ಎರಡು ಸಲ ಬೈದೆ. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ.

ಚೌತಿ ಕಳೆದ ಮೇಲೆ ಹಡಗಿನ ಕಂಪನಿಯಿಂದ ಫೋನು ಬಂತು. ಅವನು ಬರುತ್ತೇನೆಂದು ಒಪ್ಪಿ, ಹಡಗಿನ ಅಡುಗೆಮನೆಯಲ್ಲಿ ತೊಡುತ್ತಿದ್ದ ಹಳೆಯ ಬಿಳಿ ಕೋಟನ್ನು ನನ್ನ ಟೇಬಲ್ಲಿನ ಮೇಲಿಟ್ಟು, ಗುಂಡಿ ಹಾಕಿ ಕೊಡಿ ಅಕ್ಕಾ ಎಂದು ಹೋದ. ಕೋಟನ್ನು ರವಿಕೆಗಳ ರಾಶಿಯ ಅಡಿಗೆ ತುರುಕಿದೆ.

ವಾರ ಕಳೆದು ಗಂಡ ಕಳಿಸಿದನೆಂದು ಹೆಂಡತಿ ಬಂದಳು. ‘ಅಕ್ಕಾ, ಕೋಟು ಆತಾ?’

‘ಇಲ್ಲ. ಅದಕ್ಕೆ ಸರಿಯಾದ ಗುಂಡಿ ಕುಮಟೆಯಲ್ಲಿ ಸಿಗೂದಿಲ್ಲ.’

ಅವಳು ನನ್ನ ಮುಖ ನೋಡಿದಳು. ‘ಹೊನ್ನಾವರದಲ್ಲೂ ಸಿಗೂದಿಲ್ಲ, ಅಲ್ದಾ?’

‘ಭಟ್ಕಳದಲ್ಲೂ ಇಲ್ಲ’ ಎಂದೆ. ಇಬ್ಬರೂ ನಕ್ಕೆವು. ಆಮೇಲೆ ಅವಳು ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು.

ಅದೇ ಹೊತ್ತಿಗೆ ನನ್ನ ಹಳೆಯ ಗಿರಾಕಿ, ಹಿರೇಗುತ್ತಿಯ ಅಜ್ಜಿ, ಮೊಮ್ಮಗನ ತೊಟ್ಟಿಲ ಊಟಕ್ಕೆ ಹೋಳಿಗೆ ಮಾಡುವವರು ಸಿಗುತ್ತಿಲ್ಲ ಎಂದು ಗೋಳಾಡಿಕೊಂಡು ಬಂದರು. ಪಕ್ಕದ ಅಂಗಡಿಯ ಬನ್ನಿನಲ್ಲಿ ಹೂರಣ ಇದೆಯಲ್ಲ ಎಂದೆ. ಒಂದನ್ನು ತಿಂದು ನೋಡಿ, ಆತು ಎಂದರು. ಮೊಟ್ಟೆ ಮುಟ್ಟಿಸದೆ ಮಾಡಬೇಕೆಂದು ಕರಾರು. ಅವನು ಬೆಳಗಿನ ಜಾವ ಎದ್ದು ಮಾಡಿ ಕಳಿಸಿದ. ನಾವು ಮೂವರೂ ಊಟಕ್ಕೆ ಹೋದೆವು.

ಎಲೆಯ ಮೇಲೆ ಬನ್ನು ಬಂತು. ಹೊಂಬಣ್ಣಕ್ಕೆ ಉಬ್ಬಿ, ಸೀರೆಯ ನೆರಿಗೆಯಂತೆ ಪದರ ಪದರ. ಎದುರು ಪಂಕ್ತಿಯಲ್ಲಿ ಅವನು ಅದನ್ನು ಅಭಿಮಾನದಿಂದ ನೋಡುತ್ತಿದ್ದ. ಅಷ್ಟರಲ್ಲಿ ಅಜ್ಜಿ ತಾವೇ ಬಕೆಟ್ಟು ಸೌಟು ಹಿಡಿದು ಬಂದರು. ಒಳಗೆ ಬೆಲ್ಲ, ಏಲಕ್ಕಿ ಹಾಕಿದ ತೆಂಗಿನ ಕಾಯಿಹಾಲು.

ಅವನಿಗೆ ಗಾಬರಿಯಾಯಿತು. ಎಲೆಗೆ ಎರಡೂ ಕೈ ಅಡ್ಡ ಹಿಡಿದ. ‘ಅಜ್ಜಿ, ಬೇಡ, ಬೇಡ! ಗರಿಗರಿ ಹೋಗ್ತದೆ!’

ನಮ್ಮ ಕಡೆ ಬಡಿಸುವವರು ಅಡ್ಡ ಹಿಡಿದ ಕೈಯನ್ನು ಎಂದಾದರೂ ಲೆಕ್ಕಕ್ಕೆ ಇಟ್ಟದ್ದುಂಟೇ? ‘ಹೋಳಿಗೆಗೆ ಕಾಯಿಹಾಲಿಲ್ದೆ ಹೆಂಗೆ ತಿಂತೆ? ಕೈ ತೆಗಿ’ ಎಂದು ಬೆರಳ ಸಂದಿಯಿಂದಲೇ ಸುರಿದರು.

ಅವನ ಮುಖ ಕೆಂಪಾಯಿತು. ಎಲೆಯಲ್ಲಿ ಬಿಟ್ಟು ಏಳುವುದು ಮರ್ಯಾದೆಯಲ್ಲ. ಒಂದು ತುಂಡು ಮುರಿದು ಬಾಯಿಗಿಟ್ಟ. ನನ್ನ ಪಕ್ಕದಲ್ಲಿ ಅವನ ಹೆಂಡತಿ ತುತ್ತು ಕೈಯಲ್ಲೇ ಹಿಡಿದು ಕೂತಿದ್ದಳು. ಅವನು ಇನ್ನೊಂದು ತುಂಡು ಮುರಿದ, ನಿಧಾನವಾಗಿ ಅಗಿದ. ಬನ್ನು ಮುಗಿಯಿತು. ಎಲೆಯನ್ನು ಬೆರಳಿನಿಂದ ಬಳಿದು ನೆಕ್ಕಿ ತಲೆಯೆತ್ತಿದ.

‘ಅಜ್ಜೀ, ಈ ಬದಿಗೆ ಇನ್ನೊಂದು. ಹಾಲೂ ಹಾಕಿ.’

ಇಡೀ ಪಂಕ್ತಿ ನಕ್ಕಿತು. ಊಟ ಮುಗಿಸಿ ರಿಕ್ಷಾ ಹತ್ತಿದೆವು. ಕುಮಟೆ ಬಂದ ಮೇಲೆ ಅವನು ‘ಅದು ಮುಳುಗೂದಲ್ಲ ಅಕ್ಕಾ, ಹಾಲು ಕುಡೀತದೆ’ ಎಂದ. ಆ ಮಾತನ್ನು ಯಾರಿಗೆ ಹೇಳಿದನೋ, ನಮಗೋ ತನಗೋ.

ಮರುದಿನ ಬೋರ್ಡು ಕೆಳಗಿಳಿಯಿತು. ಬನ್ನಿನ ಜೊತೆ ಸಣ್ಣ ಲೋಟದಲ್ಲಿ ಕಾಯಿಹಾಲು ಕೊಡಲು ಶುರುಮಾಡಿದ. ಡೊಂಕು ಖಾರಿಯನ್ನು ಸ್ವಲ್ಪ ಹೆಚ್ಚು ಬೇಯಿಸಿದ. ಆ ಹಿರಿಯರು ಚಾದಲ್ಲಿ ಅದ್ದಿ, ಎತ್ತಿ, ಕರಗಿ ಮುಳುಗದೆ ಉಳಿದದ್ದನ್ನು ಎಲ್ಲರಿಗೂ ತೋರಿಸಿದರು. ತೊಟ್ಟಿಲ ಊಟ ಉಂಡವರು ಮಿರ್ಜಾನದಿಂದ ಹಿಡಿದು ಹೊನ್ನಾವರದವರೆಗೆ ಇದ್ದರಲ್ಲ, ಅವರ ಮನೆಗಳಿಂದ ಹೋಳಿಗೆ ಬನ್ನಿಗೆ ಫೋನು ಬರತೊಡಗಿತು.

ದೀಪಾವಳಿಗೆ ಇನ್ನೇನು ಬಂತು ಎನ್ನುವಾಗ ಇಬ್ಬರೂ ನನ್ನ ಅಂಗಡಿಗೆ ಬಂದರು. ಕೋಟು ಕೇಳಲಿಕ್ಕೇ ಬಂದರು ಎಂದುಕೊಂಡೆ. ಗುಂಡಿಯ ಸುಳ್ಳು ಇನ್ನೆಷ್ಟು ದಿನ ನಡೆಯುತ್ತದೆ? ರಾಶಿಯ ಅಡಿಯಿಂದ ಎಳೆದು ಮುಂದಿಟ್ಟೆ.

ಅವನು ಗುಂಡಿಯನ್ನು ನೋಡಲೇ ಇಲ್ಲ. ‘ಇದನ್ನ ಕತ್ತರಿಸಿ ಒಂದು ಏಪ್ರನ್ ಹೊಲಿದುಕೊಡಿ ಅಕ್ಕಾ. ಇವಳ ಅಳತೆಗೆ’ ಎಂದ. ಅವಳು ಅಳತೆ ಕೊಡಲು ಆಗಲೇ ಕೈ ಅಗಲಿಸಿ ನಿಂತಿದ್ದಳು.

‘ಗಡಿಬಿಡಿ ಇಲ್ಲ, ನಾಳೆ ಕೊಟ್ರೂ ಅಡ್ಡಿಲ್ಲ’ ಎಂದಳು.

‘ನಾಳೆಯೂ ಇಲ್ಲ, ನಾಡಿದ್ದೂ ಇಲ್ಲ. ಇಬ್ರೂ ಅಲ್ಲೇ ನಿಲ್ಲಿ’ ಎಂದು, ಅವನ ಮನಸ್ಸು ಬದಲಾಗುವ ಮೊದಲೇ ಕೋಟಿನ ಬೆನ್ನಿಗೆ ಕತ್ತರಿ ಹಾಕಿದೆ.