ಕೈ ನಿಂತಿತು, ಮಾತು ಹೋಯಿತು

ಕಳೆದ ವರ್ಷ ನಾನು ಮೈಸೂರಿನ ಒಂದು ಆಸ್ಪತ್ರೆ ಬೇರೆ ಊರಿನ ಸಂಸ್ಥೆಗಳ ಜೊತೆ ಸೇರಿ ನಡೆಸುತ್ತಿದ್ದ ಸಂಶೋಧನೆಯಲ್ಲಿ ಕ್ಷೇತ್ರ ಸಂಯೋಜಕಿಯಾಗಿದ್ದೆ. ವಿಷಯ ಡೀಪ್ ಬ್ರೇನ್ ಸ್ಟಿಮ್ಯುಲೇಷನ್: ಮಿದುಳಿನ ಆಳಕ್ಕೆ ತಂತಿ ಇಳಿಸಿ, ಎದೆಯ ಚರ್ಮದಡಿ ಇಟ್ಟ ಬ್ಯಾಟರಿಯಿಂದ ಸಣ್ಣಗೆ ವಿದ್ಯುತ್ ಹರಿಸಿ ಕೈನಡುಕ ತಡೆಯುವ ಚಿಕಿತ್ಸೆ. ಹುಣಸೂರು, ಪಿರಿಯಾಪಟ್ಟಣದ ಕಡೆಯ ರೋಗಿಗಳನ್ನು ಮನೆಗೇ ಹೋಗಿ ಪರೀಕ್ಷಿಸುವುದು ನನ್ನ ಕೆಲಸ.

ಹುಣಸೂರಿನ ಬಡಗಿ ಕರೀಂ ಸಾಹೇಬರದು ನಮ್ಮ ಅತ್ಯುತ್ತಮ ಫಲಿತಾಂಶ. ಲೋಟ ಎತ್ತಲಾಗದಿದ್ದವರು ಮತ್ತೆ ಉಳಿ ಹಿಡಿದಿದ್ದರು. ಆದರೆ ನಾಲಿಗೆ ತೊದಲತೊಡಗಿತು. ಈ ಚಿಕಿತ್ಸೆಯಲ್ಲಿ ಹಾಗಾಗುವುದುಂಟು. ನಮ್ಮ ಅಂಕಪಟ್ಟಿಯಲ್ಲಿ ಮಾತ್ರ ಕೈಗಷ್ಟೇ ಅಂಕ.

ಮಗಳು ನಸೀಮಾಳ ನಿಕಾಹ್‌ನ ಹಿಂದಿನ ದಿನ ಅವರ ಮನೆಯಿಂದ ಕರೆ ಬಂತು. ವರ ವಯನಾಡಿನವನು. ಅವರ ಪದ್ಧತಿಯಲ್ಲಿ ತಂದೆಯೇ ವರನ ಕೈ ಹಿಡಿದು, ಮಗಳನ್ನು ಕೊಟ್ಟಿದ್ದೇನೆ ಎಂದು ಎಲ್ಲರೆದುರು ಹೇಳಬೇಕು. ನಾನು ಹೋದಾಗ ಸಾಹೇಬರು ಆ ವಾಕ್ಯವನ್ನೇ ಮತ್ತೆ ಮತ್ತೆ ಹೇಳಿಕೊಳ್ಳುತ್ತಿದ್ದರು. ಒಂದು ಪದವೂ ತಿಳಿಯಲಿಲ್ಲ.

"ಬೀಗ್ರು ನೀವು ಕುಡ್ದಿದ್ದೀರ ಅನ್ಕೋತಾರೆ ಅಬ್ಬಾ," ಎಂದು ನಸೀಮಾ ನಗಿಸಲು ನೋಡಿದಳು.

ಅವರು ನಗಲಿಲ್ಲ. ಒಂದೊಂದೇ ಅಕ್ಷರ ಹೊರಡಿಸಿ, "ಕೈ ಕೊಟ್ಟು ಬಾಯಿ ಕಿತ್ಕೊಂಡ್ರಲ್ಲಮ್ಮಾ," ಎಂದರು ನನಗೆ.

ಅಧ್ಯಯನ ಮುಗಿಯುವವರೆಗೆ ಕರೆಂಟಿನ ಸೆಟ್ಟಿಂಗ್ ಬದಲಿಸುವಂತಿರಲಿಲ್ಲ. ಮುಖ್ಯ ವೈದ್ಯರಿಗೆ ಫೋನ್ ಮಾಡಿದೆ. "ಬದಲಿಸಿದರೆ ಅವರು ಅಧ್ಯಯನದಿಂದ ಹೊರಗೆ. ಹಾಗೇ ಇರಲು ಒಪ್ಪುತ್ತಾರಾ ಅಂತ ಇನ್ನೊಂದು ಸಲ ಕೇಳಿ ನೋಡಮ್ಮ," ಎಂದರು. ಕೇಳಿದೆ. ಸಾಹೇಬರು ಅಳುತ್ತಲೇ ನನಗೆ ಬಾಗಿಲು ತೋರಿಸಿದರು. ಚಾಚಿದ ಕೈ ಒಂದಿಷ್ಟೂ ನಡುಗಲಿಲ್ಲ.

ವೈದ್ಯರು ಕೊನೆಗೆ ಒಪ್ಪಿದರು. ನನ್ನ ಬಳಿಯಿದ್ದ ರಿಮೋಟಿನಂಥ ಸಾಧನದಿಂದ ಕರೆಂಟನ್ನು ಹಂತಹಂತವಾಗಿ ಇಳಿಸಿದೆ. ಕೈ ನಡುಗಲು ಶುರುವಾದರೂ ಮಾತು ತಿಳಿಯಾಗಲಿಲ್ಲ. ಎರಡೂ ಉಳಿಯುವ ಮಟ್ಟವೇ ಇರಲಿಲ್ಲ. "ಆರ್ಸ್‌ಬುಡಿ," ಎಂದರು. ಆರಿಸಿದೆ.

ಮರುದಿನ ಪರದೆಯ ಹಿಂದೆ, ಹೆಂಗಸರ ನಡುವೆ, ನಸೀಮಾಳ ಪಕ್ಕ ಕೂತಿದ್ದೆ. ಸ್ಪೀಕರ್‌ನಲ್ಲಿ ಮೊದಲು ಕೇಳಿಸಿದ್ದು ಟಕಟಕ ಸದ್ದು. ಸಾಹೇಬರ ಉಂಗುರ ಮೈಕಿಗೆ ಬಡಿಯುತ್ತಿತ್ತು. ಆ ಸದ್ದಿನ ನಡುವೆಯೇ ಆ ವಾಕ್ಯ ಬಂತು, ಪದಪದವೂ ಸ್ಪಷ್ಟವಾಗಿ. ನಸೀಮಾ ನನ್ನ ಮಣಿಕಟ್ಟನ್ನು ನೋವಾಗುವಷ್ಟು ಹಿಡಿದುಕೊಂಡಳು.

ಅವಳನ್ನು ಕಳಿಸಿಕೊಟ್ಟ ಮೇಲೆ ಸಾಹೇಬರು ಮತ್ತೆ ಕರೆಸಿದರು. ಅನ್ನ ಬಾಯಿಗೆ ಹೋಗದೆ ಅಂಗಿಯ ಮೇಲೆಲ್ಲ ಚೆಲ್ಲಿತ್ತು.

"ಇನ್ನು ಹಾಕ್ಬುಡಮ್ಮಾ. ಕೆಲ್ಸ ಮಾಡ್ದೆ ಇರಕ್ಕಾಗಲ್ಲ."

ವೈದ್ಯರನ್ನು ಕೇಳಿ ಆನ್ ಮಾಡಿದೆ. ಅವರ ಬಾಯಿಂದ ನಾನು ಸರಿಯಾಗಿ ಕೇಳಿದ ಕೊನೆಯ ಮಾತು ಅದು.

ಈಗ ಯಾವ ರೋಗಿಯ ಮನೆಗೆ ಹೋದರೂ ಕೈ ನೋಡುವ ಮೊದಲು ಕೂತು ಮಾತಾಡಿಸುತ್ತೇನೆ. ಗುಣವಾಯಿತೆಂದು ಹೇಳಬೇಕಾದವರು ನಾವಲ್ಲ ಎಂಬುದನ್ನು ಈ ಕೆಲಸ ನನಗೆ ತಡವಾಗಿ ಕಲಿಸಿತು.