ಸಂತರನ್ನು ಕೆರೆದವನ ಮಗಳು

ನಮ್ಮ ಬೆಟ್ಟದೂರು ಮೊಂತೆರಾವದಲ್ಲಿ ಪಾದ್ರಿ ಇಟ್ಟ ಹೆಸರು ಗೋರಿಕಲ್ಲಿನ ಮೇಲೆ ಕೆತ್ತುವುದಕ್ಕಷ್ಟೇ ಬೇಕು. ಉಸಿರಿರುವ ತನಕ ನಡೆಯುವುದು ಊರು ಇಟ್ಟ ಅಡ್ಡಹೆಸರು. ಅಪ್ಪನ ಆಸ್ತಿ ಮಕ್ಕಳಿಗೆ ಬಂದರೂ ಬರದಿದ್ದರೂ ಅದು ಮಾತ್ರ ತಪ್ಪದೆ ಬರುತ್ತದೆ. ಎರ್ಸಿಲಿಯಾಳಿಗೆ ಅಪ್ಪನಿಂದ ಬಂದದ್ದು ‘ಗ್ರಾತ್ತಾಸಾಂತಿ’. ಸಂತರನ್ನು ಕೆರೆಯುವವನು ಎಂದರ್ಥ. ಹಾಗೆ ಕರೆದವರಲ್ಲಿ ನಾವೂ ಇದ್ದೆವು, ಸುಳ್ಳೇಕೆ ಹೇಳಲಿ. ರೊಟ್ಟಿ ಅಂಗಡಿಯ ಕ್ವಿಂತೊ ಅಂತೂ ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವ ಹಾಗೆ, “ಗ್ರಾತ್ತಾಸಾಂತಿ ಮಗಳಿಗೆ ನಿನ್ನೆದು ರೊಟ್ಟಿ ಕೊಡ್ರೋ, ಗಟ್ಟಿಯಾಗಿದ್ರೆ ಕೆರೆಯೋಕೂ ಆಗುತ್ತೆ!” ಎಂದು ಕೂಗುತ್ತಿದ್ದ. ಅವಳು ರೊಟ್ಟಿ ಎತ್ತಿಕೊಂಡು ಹೋಗುತ್ತಿದ್ದಳು.

ಅವಳ ಅಪ್ಪ ನಜ್ಜರೇನೊ ಗಾರೆ ಕೆಲಸದವನು. ಭೂಕಂಪವಾದ ಮರುವರ್ಷ, ಊರ ಕೆಳಗಿನ ಆಲಿವ್ ತೋಟಗಳ ನಡುವೆ ಬುಗ್ಗೆಯ ಪಕ್ಕದಲ್ಲಿರುವ ಪುಟ್ಟ ಇಗರ್ಜಿಯ ಬಿರುಕು ಮುಚ್ಚಲು ಅವನನ್ನು ಕಳಿಸಿದರು. ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿದ. ಸದ್ದು ಬೇರೆಯಾಗಿ ಬಂತು. ಪ್ಲೇಗಿನ ಕಾಲದಿಂದ ಬಳಿದುಕೊಂಡು ಬಂದ ಏಳು ಪದರ ಸುಣ್ಣದ ಅಡಿಯಲ್ಲಿ ಒಂದು ಕೆಂಪು ಕಾಲು ಕಂಡಿತು, ದೆವ್ವದ ಕಾಲು. ಪಾದ್ರಿಯ ಅಪ್ಪಣೆ ಪಡೆದು, ಮೂರು ಚಳಿಗಾಲ, ಬೇರೆ ಕೆಲಸವಿಲ್ಲದ ದಿನಗಳಲ್ಲೆಲ್ಲ, ಮರದ ಬೆಣೆಯಿಂದ ಸುಣ್ಣ ಎಬ್ಬಿಸಿ, ಒದ್ದೆ ರೊಟ್ಟಿಯ ತಿರುಳಿನಿಂದ ಒರೆಸಿ ಒರೆಸಿ, ಗೋಡೆ ತುಂಬ ಇದ್ದ, ದೇವರ ಕಡೆಯ ತೀರ್ಪಿನ ಚಿತ್ರವನ್ನು ಹೊರಗೆ ತಂದ. ಒಂದು ಕಡೆ ಸ್ವರ್ಗಕ್ಕೆ ಹೋಗುವವರು, ನೋಡಿದರೆ ನಿದ್ದೆ ಬರುತ್ತದೆ. ಇನ್ನೊಂದು ಕಡೆ ನರಕ. ಅಲ್ಲಿ ಅಳತೆಯಲ್ಲಿ ಮೋಸ ಮಾಡಿದ ಗಿರಣಿಯವನನ್ನು ದೆವ್ವ ಅವನದೇ ಬೀಸುಕಲ್ಲಿಗೆ ಕಟ್ಟಿದೆ. ವೈನಿಗೆ ನೀರು ಬೆರೆಸಿದ ಹೆಂಗಸಿಗೆ ಪೀಪಾಯಿಯನ್ನೇ ಕುಡಿಸುತ್ತಿದೆ. ಎರ್ಸಿಲಿಯಾಳಿಗೆ ಆಗ ಹತ್ತೊಂಬತ್ತು. ನೀರು ಹೊತ್ತು ತಂದವಳು ಅವಳೇ.

ಸುದ್ದಿ ಕೇಳಿ ಪೆರೂಜಾ ಪಟ್ಟಣದ ವಿಶ್ವವಿದ್ಯಾಲಯದಿಂದ ಗ್ವಾಲ್ತಿಯೇರೊ ಸ್ಪಾದ ಎಂಬ ತರುಣ ಮೇಷ್ಟ್ರು ಬಂದರು. ಎರಡು ತಿಂಗಳು ನಜ್ಜರೇನೊನ ಮನೆಯಲ್ಲೇ ಮಲಗಿದರು, ಅವನ ಹೆಂಡತಿ ಮಾಡಿದ ಬೇಳೆ ಸಾರು ಎರಡೆರಡು ಸಲ ಹಾಕಿಸಿಕೊಂಡು ಉಂಡರು, ಗೋಡೆಯ ಫೋಟೋ ತೆಗೆದುಕೊಂಡರು. ಹೊರಡುವ ದಿನ ಆ ಗೋಡೆಯ ಮುಂದೆಯೇ ಅವನ ಸುಣ್ಣದ ಕೈ ಹಿಡಿದು, “ನನ್ನಮ್ಮನಾಣೆ ನಜ್ಜರೇನೊ, ಪುಸ್ತಕದಲ್ಲಿ ಮೊದಲನೇ ಹೆಸರು ನಿಮ್ಮದೇ,” ಎಂದರು.

ಪುಸ್ತಕ ಬಂತು. ಅದರಲ್ಲಿ ನಜ್ಜರೇನೊನ ಹೆಸರೇ ಇರಲಿಲ್ಲ. ‘ಅನಕ್ಷರಸ್ಥ ಗಾರೆಯವನೊಬ್ಬ ಕೆರೆದು ಹಾಳುಮಾಡುತ್ತಿದ್ದ ಮೇರುಕೃತಿಯನ್ನು ನಾನು ಉಳಿಸಿದೆ’ ಎಂದಿತ್ತು. ಚಿತ್ರ ಪೆರೂಜಾದ ಮಹಾ ಕಲಾವಿದ ವಾನ್ನೊನದೇ ಎಂದಿತ್ತು. ‘ಕಲ್ಲೊಡೆಯುವುದನ್ನು ಬಿಟ್ಟರೆ ಬೇರೇನೂ ಬಾರದ ಈ ಬೆಟ್ಟದ ಜನರ ಕೈಯಿಂದ ಇಂಥ ಗೆರೆ ಹುಟ್ಟಲಾರದು’ ಎಂದೂ ಇತ್ತು. ಪುಸ್ತಕದ ಹಿಂದೆಯೇ, ಅಪ್ಪಣೆಯಿಲ್ಲದೆ ಹಳೆಯ ಗೋಡೆ ಕೆರೆದನೆಂದು ನಜ್ಜರೇನೊನಿಗೆ ಕೋರ್ಟಿನ ಕರೆಯೂ ಬಂತು. ಸಾಕ್ಷಿ ಕಟ್ಟೆಯಲ್ಲಿ ಸ್ಪಾದ ನಿಂತು, ಪಾದ್ರಿಯ ಅಪ್ಪಣೆಯ ಮಾತು ತನಗೆ ಗೊತ್ತೇ ಇಲ್ಲವೆಂದರು. ಪಾದ್ರಿ ಅಷ್ಟರಲ್ಲಿ ಸತ್ತಿದ್ದರು. ನಜ್ಜರೇನೊ ಇನ್ನು ಮುಂದೆ ಹಳೆಯ ಕಟ್ಟಡಗಳನ್ನು ಮುಟ್ಟಕೂಡದು ಎಂದು ತೀರ್ಪಾಯಿತು. ನಮ್ಮೂರಿನಲ್ಲಿ ಹೊಸ ಕಟ್ಟಡ ಎಲ್ಲಿದೆ? ಕೋಳಿಗೂಡು ಕೂಡ ನಾನೂರು ವರ್ಷದ್ದು.

ಆದರೆ ಸ್ಪಾದರು ಕಾಣದ ಒಂದು ಮೂಲೆ ಉಳಿದಿತ್ತು. ಅವರು ಹೋದ ಮೇಲೆ ನೆಲದ ಹತ್ತಿರದ ಕೊನೆಯ ಪದರ ತೆಗೆಯುವಾಗ ನಜ್ಜರೇನೊನಿಗೆ ನಾಲ್ಕು ಸಾಲು ಅಕ್ಷರ ಸಿಕ್ಕಿದ್ದವು. ಮೇಷ್ಟ್ರು ಬಂದಾಗ ತೋರಿಸಿ ಖುಷಿಪಡಿಸೋಣವೆಂದು ಕಾದಿದ್ದ, ಪೆದ್ದ. ಕೋರ್ಟಿನ ಕರೆ ಬಂದ ದಿನ ಅಲ್ಲಿಗೆ ಹೋಗಿ, ಕಿತ್ತಳೆ ಹಣ್ಣಿಗೆ ಸುತ್ತುವ ತೆಳು ಕಾಗದವನ್ನು ಹಿಟ್ಟಿನ ಅಂಟಿನಿಂದ ಆ ಅಕ್ಷರಗಳ ಮೇಲೆ ಹಚ್ಚಿ, ಮೇಲೆ ಸುಣ್ಣ ಬಳಿದ.

“ಬಚ್ಚಿಡ್ತೀಯಲ್ಲಪ್ಪಾ? ಜಡ್ಜಿಗೆ ತೋರ್ಸು,” ಎಂದಳು ಎರ್ಸಿಲಿಯಾ.

“ಈಗ ಆ ಸ್ಪಾದ ಇನ್ನೂ ಕುರ್ಚಿ ಮೇಲೆ ಕೂತಿದಾನೆ ಮಗಳೇ. ಕುರ್ಚಿಯಿಂದ ಬಿದ್ದೋನು ಧೂಳು ಕೊಡವ್ಕೊಂಡು ಎದ್ದು ಹೋಗ್ತಾನೆ. ಗಂಟೆಗೋಪುರ ಹತ್ಲಿ ಬಿಡು.”

ಆರು ವರ್ಷಕ್ಕೆ ಅವನು ಸತ್ತ. ಗೋರಿಗೆ ಮಣ್ಣೆಳೆಯುವಾಗಲೂ ಯಾರೋ ‘ಪಾಪ, ಗ್ರಾತ್ತಾಸಾಂತಿ’ ಎಂದರು. ಆ ಮಾತನ್ನು ಎರ್ಸಿಲಿಯಾ ಜನ್ಮದಲ್ಲಿ ಮರೆಯಲಿಲ್ಲ.

ಅವಳು ಮದುವೆಯಾಗಲಿಲ್ಲ. ಕಣಿವೆಯಾಚೆಯ ಒಬ್ಬ ಕೇಳಿದ್ದ. ಅವನ ಹಿಂದೆ ಹೋದರೆ ಗೋಡೆ ಕಾಯುವವರು ಯಾರು? ಕಸ ಗುಡಿಸುವವರಿಲ್ಲದ ಇಗರ್ಜಿಯ ಬೀಗದ ಕೈಯನ್ನು ತಾನೇ ಕೇಳಿ ಪಡೆದಳು. ಪ್ರವಾಸಿ ಮಾರ್ಗದರ್ಶಿಯ ಪರೀಕ್ಷೆ ಕಟ್ಟಿ ಎರಡು ಸಲ ಫೇಲಾದಳು, ಏಕೆಂದರೆ ಆ ಚಿತ್ರದ ಪ್ರಶ್ನೆಗೆ ಅಪ್ಪನ ಕಥೆ ಬರೆಯುತ್ತಿದ್ದಳು. ಮೂರನೆಯ ಸಲ ಸ್ಪಾದರ ಪುಸ್ತಕವನ್ನೇ ಅಕ್ಷರ ಬಿಡದೆ ಬರೆದು ಪಾಸಾದಳು. ಮನೆಗೆ ಬಂದು ವಿನಿಗರ್ ಹಾಕಿ ಬಾಯಿ ಮುಕ್ಕಳಿಸಿದಳಂತೆ.

ಆಮೇಲೆ ನಲವತ್ತು ವರ್ಷ ಪರಸ್ಥಳದವರನ್ನು ಊರ ಹೆಬ್ಬಾಗಿಲಿನಿಂದ ಕೆಳಗಿಳಿಸಿ ಕರೆದುಕೊಂಡು ಹೋದಳು. ದಾರಿಯ ಕಲ್ಲುಗೋಡೆಗಳಲ್ಲಿ ಯಾವುದು ಯಾರ ಕೈಯದು ಎಂದು ಹೇಳುವಳು, ಬೇಲಿಯ ಕಾಡು ಶತಾವರಿ ಚಿಗುರು ಕಿತ್ತು ತಿನ್ನಿಸುವಳು, ಬುಗ್ಗೆಯ ನೀರು ಕುಡಿಸುವಳು. ಇಗರ್ಜಿಯೊಳಗೆ ನರಕದ ಪಾಪಿಗಳನ್ನು ಒಬ್ಬೊಬ್ಬರನ್ನಾಗಿ ತೋರಿಸಿ ನಗಿಸುವಳು. ಆ ಮೂಲೆಗೆ ಮಾತ್ರ ಬೆನ್ನು ಕೊಟ್ಟು ನಿಲ್ಲುವಳು. ‘ಅಲ್ಲೇಕೆ ಬಿಳಿ?’ ಎಂದು ಕೇಳಿದರೆ ‘ತೇವ’ ಎಂದು ಮುಗಿಸುವಳು. ಸ್ಪಾದರಿಗೆ ಪದಕ ಬಂದರೆ, ಟೀವಿಯಲ್ಲಿ ಅವರ ಮುಖ ಕಂಡರೆ, ಹೆತ್ತ ತಾಯಿಗಿಂತ ಹೆಚ್ಚು ಹಿಗ್ಗುವಳು. “ಹತ್ತಪ್ಪಾ, ಹತ್ತು. ಇನ್ನೊಂದು ಮೆಟ್ಲು,” ಎಂದು ಟೀವಿಗೆ ಹೇಳುವುದನ್ನು ಪಕ್ಕದ ಮನೆಯವರು ಕೇಳಿದ್ದಾರೆ.

ಕೊನೆಗೆ ಕಳೆದ ಮೇ ತಿಂಗಳಿನಲ್ಲಿ ನಮ್ಮ ಮೇಯರ್ ಲೊರೆದಾನಾ, ಸ್ಪಾದರಿಗೆ ಊರಿನ ಗೌರವ ಪೌರತ್ವ ಕೊಡುವುದೆಂದು ಗೊತ್ತುಮಾಡಿದಳು. ಚೌಕದಲ್ಲಿ ಭಾಷಣ, ಆಮೇಲೆ ಎಲ್ಲರೂ ಇಗರ್ಜಿಗೆ ನಡೆದು ಹೋಗುವುದು. ಬೀಗದ ಕೈ ಕೇಳಲು ಹೆದರಿಕೊಂಡೇ ಬಂದಳು. “ಎರ್ಸಿಲಿಯಾ ಅತ್ತೆ, ಹಳೇದೆಲ್ಲ ಮರ್ತುಬಿಡಿ...”

“ಮರ್ತು ಎಷ್ಟು ಕಾಲವಾಯ್ತೇ ಹುಡುಗಿ! ಮೇಷ್ಟ್ರನ್ನ ಬೆಳಿಗ್ಗೆ ನಾನೇ ಕರ್ಕೊಂಡು ಹೋಗಿ ತೋರಿಸ್ತೀನಿ. ವಯಸ್ಸಾದೋರು, ಜನ ಸೇರೋಕೆ ಮುಂಚೆ ನೆಮ್ಮದಿಯಾಗಿ ನೋಡ್ಲಿ.”

ಭಾನುವಾರ ಎಂಟು ಗಂಟೆಗೆ ಎಂಬತ್ತೊಂದರ ಮುದುಕ ಮೇಷ್ಟ್ರು ಕೋಲೂರಿಕೊಂಡು ಅವಳ ಹಿಂದೆ ಇಗರ್ಜಿಯ ಒಳಗೆ ಬಂದರು. ಅವಳು ಬುಗ್ಗೆಯ ನೀರಿನಲ್ಲಿ ಬಟ್ಟೆ ಅದ್ದಿ ಬಿಳಿ ಮೂಲೆಗೆ ಒತ್ತಿದಳು. ಕಾಲು ಗಂಟೆ ಬಿಟ್ಟು ಉಗುರು ತಾಗಿಸಿ ಎಳೆದಳು. ಸುಣ್ಣದ ಸಮೇತ ಕಾಗದ ಹಾಲಿನ ಕೆನೆಯ ಹಾಗೆ ಎದ್ದು ಬಂತು. ಅಕ್ಷರಗಳು ನಿನ್ನೆ ಬರೆದಂತಿದ್ದವು: ‘ಈ ಊರಿನ ಗಾರೆಯವ ಮತ್ತೇಯೊನ ಮಗ ಯಾಕೊಪೊ ನನ್ನನ್ನು ಬರೆದ. 1467.’

ಮೇಷ್ಟ್ರು ಎರಡು ಸಲ ಓದಿದರು. ಆಮೇಲೆ ಬೆಂಚು ಹುಡುಕಿ ಕುಳಿತರು. ವಾನ್ನೊನ ಮೇಲೆ ಅವರು ಬರೆದ ಹತ್ತು ಪುಸ್ತಕಗಳೂ ಈ ಒಂದು ಗೋಡೆಯ ಮೇಲೆ ನಿಂತಿದ್ದವು.

“ಯಾರ‍್ಯಾರಿಗೆ ಗೊತ್ತು?”

“ನಂಗೆ. ಈಗ ನಿಮ್ಗೆ.”

“ಏನು ಬೇಕಮ್ಮಾ ನಿನಗೆ?”

“ಹನ್ನೊಂದು ಗಂಟೆಗೆ ಚೌಕದಲ್ಲಿ ನಿಂತು ನಮ್ಮಪ್ಪನ ವಿಷಯ ಸತ್ಯ ಹೇಳ್ಬೇಕು. ಹೆಸರು ಹಿಡಿದು. ಕೋರ್ಟಲ್ಲಿ ಹೇಳಿದ್ದು ಸುಳ್ಳು ಅಂತ.”

“ಹೇಳಿದ್ರೆ... ಇದು?”

“ಮತ್ತೆ ಮುಚ್ಚಿಬಿಡ್ತೀನಿ. ನನ್ನಮ್ಮನಾಣೆ.”

ಮೇಷ್ಟ್ರು ಹೇಳಿದರು. ಮುಚ್ಚುಮರೆ ಇಲ್ಲದೆ ಹೇಳಿದರು ಎಂಬುದನ್ನು ಒಪ್ಪಲೇಬೇಕು. ಇಡೀ ಊರು ನಿಂತಿದ್ದ ಚೌಕದಲ್ಲಿ, ಆ ಚಿತ್ರವನ್ನು ಕಂಡುಹಿಡಿದವನೂ ಉಳಿಸಿದವನೂ ನಜ್ಜರೇನೊ, ಪಾದ್ರಿಯ ಅಪ್ಪಣೆ ಇದ್ದದ್ದು ತನಗೆ ಗೊತ್ತಿತ್ತು, ತಾನು ಅವನ ಅನ್ನ ಉಂಡು ಅವನ ಬಾಯಿಗೆ ಮಣ್ಣು ಹಾಕಿದೆ ಎಂದರು. ಕ್ವಿಂತೊ ಟೋಪಿ ತೆಗೆದು ನೆಲ ನೋಡಿದ. ನಾವೆಲ್ಲ ನಮ್ಮ ನಮ್ಮ ಚಪ್ಪಲಿ ನೋಡಿಕೊಂಡೆವು. ಕೆಲವರು ಅತ್ತರು. ಎಂಥ ದೊಡ್ಡ ಮನಸ್ಸು ಎಂದು ಚಪ್ಪಾಳೆಯನ್ನೂ ತಟ್ಟಿದರು. ಆ ಚಪ್ಪಾಳೆ ಕೇಳಿದಾಗ ಎರ್ಸಿಲಿಯಾಳ ಮುಖ ಕಪ್ಪಿಟ್ಟಿತು.

ಅಲ್ಲಿಗೆ ಬಿಡಬೇಕಾಗಿತ್ತು ಎಂದು ಈಗಿನ ಪಾದ್ರಿಗಳು ಹೇಳುತ್ತಾರೆ. ಅವರನ್ನು ಯಾರೂ ಐವತ್ತು ವರ್ಷ ರೊಟ್ಟಿ ಅಂಗಡಿಯ ಸಾಲಿನಲ್ಲಿ ಅಣಕಿಸಿಲ್ಲ.

ಜನವೆಲ್ಲ ಆಲಿವ್ ತೋಟದ ದಾರಿಯಲ್ಲಿ ಇಳಿದು ಬಂದರು, ಮುಂದೆ ಮೇಯರ್ ಮತ್ತು ಮೇಷ್ಟ್ರು, ಹಿಂದೆ ಪತ್ರಿಕೆಯವರು, ಪೆರೂಜಾದಿಂದ ಬಂದ ಮೇಷ್ಟ್ರ ಶಿಷ್ಯರು. ಎರ್ಸಿಲಿಯಾ ಬೀಗ ತೆಗೆದು ದೀಪ ಹಾಕಿದಳು. ದೀಪವನ್ನು ಆ ಮೂಲೆಗೇ ತಿರುಗಿಸಿ ಇಟ್ಟಿದ್ದಳು. ಗೋಡೆ ಬಯಲಾಗಿತ್ತು. ಕಾಗದದ ಒಂದು ಚೂರೂ ಇರಲಿಲ್ಲ. ಶಿಷ್ಯರಲ್ಲೊಬ್ಬ ಬಗ್ಗಿ ಗಟ್ಟಿಯಾಗಿ ಓದತೊಡಗಿದ, ‘ಗಾರೆಯವ’ ಎಂಬಲ್ಲಿಗೆ ಬಂದು ತಡವರಿಸಿದ, ಆಮೇಲೆ ಪೂರ್ತಿ ಓದಿದ. ಕ್ಯಾಮರಾಗಳು ಮೊದಲು ಗೋಡೆಯ ಕಡೆಗೆ, ಆಮೇಲೆ ಮೇಷ್ಟ್ರ ಮುಖದ ಕಡೆಗೆ ತಿರುಗಿದವು.

“ಆಣೆ ಇಟ್ಟಿದ್ದೆಯಲ್ಲೇ!” ಎಂದರು ಮೇಷ್ಟ್ರು. “ನಿನ್ನಮ್ಮನ ಆಣೆ!”

“ನೀವೂ ಇಟ್ಟಿದ್ರಿ, ಇದೇ ಜಾಗದಲ್ಲಿ. ಇಬ್ಬರಮ್ಮಂದಿರೂ ಮೇಲೇ ಇದಾರೆ, ಅವ್ರವ್ರೇ ಇತ್ಯರ್ಥ ಮಾಡ್ಕೊಳ್ಲಿ.”

“ನಾನು ಎಲ್ಲ ಒಪ್ಕೊಂಡೆ. ಇನ್ನೆಷ್ಟು ದಿನ ಬದುಕ್ತೀನಿ ನಾನು? ಇದರಿಂದ ನಿಂಗೇನು ಬಂತು?”

ಎರ್ಸಿಲಿಯಾ ಬಾಗಿಲ ತನಕ ಕತ್ತು ಚಾಚಿ ನಿಂತಿದ್ದ ಜನರನ್ನು ನೋಡಿದಳು. ಎಂದಿನ ತನ್ನ ಕೆಲಸದ ದನಿಯಲ್ಲಿ ಹೇಳಿದಳು:

“ಸ್ವಲ್ಪ ಆಚೆ ಸರೀರಿ ಮೇಷ್ಟ್ರೇ. ಹಿಂದಿನೋರಿಗೆ ಕಾಣ್ತಿಲ್ಲ.”