ಪಲ್ಲವಿ ಮುಗಿದಾಗ ಪ್ರೆಸ್ ಎತ್ತುವವಳು

ನಿಮ್ಮ ಸೊಸೆಗೆ ಏನು ಕೆಲಸ ಎಂದು ಯಾರಾದರೂ ಕೇಳಿದರೆ ಮೊದಮೊದಲು ನಾನು ಮಾತು ಹಾರಿಸುತ್ತಿದ್ದೆ. ಕ್ಲಿನಿಕ್ಕಿನ ಕೌಂಟರಿನಲ್ಲಿ ತಣ್ಣಗೆ ಕೂತು ಚೀಟಿ ಬರೆಯುವ ಕೆಲಸ ಬಿಟ್ಟು, ಗಿಟಾರು ಹಿಡಿದು ಕಿರುಚುವ ಹುಡುಗರಿಗೆ ಟೀ ಶರ್ಟ್ ಅಚ್ಚು ಹಾಕುತ್ತಾಳೆ ಎಂದು ಯಾವ ಬಾಯಲ್ಲಿ ಹೇಳಲಿ? ಅದೂ ಎಲ್ಲಿ, ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ. ಅಲ್ಲಿದ್ದ ನನ್ನ ಹಳೆಯ ಪೆಟ್ಟಿಗೆಗಳೆಲ್ಲ ಈಗ ನನ್ನ ಮಂಚದ ಕೆಳಗೆ ಬಂದಿವೆ. ಬೇಡ ಅಂದಿದ್ದರೂ ಕೇಳುವವರು ಯಾರಿದ್ದರು?

ಹುಡುಗಿ ಕೆಲಸದಲ್ಲಿ ಮಾತ್ರ ಅಚ್ಚುಕಟ್ಟು, ಅದನ್ನು ಒಪ್ಪಲೇಬೇಕು. ಮರದ ಚೌಕಟ್ಟಿಗೆ ಬಿಗಿದ ತೆಳು ಬಲೆಯ ಮೇಲೆ ಚಿತ್ರ ಇಳಿಸುತ್ತಾಳೆ. ಅದನ್ನು ಟೀ ಶರ್ಟಿನ ಮೇಲಿಟ್ಟು ರಬ್ಬರ್ ಪಟ್ಟಿಯಿಂದ ಬಣ್ಣ ಎಳೆದರೆ ಚಿತ್ರ ಮೂಡುತ್ತದೆ. ಆಮೇಲೆ ಕಾದ ಪ್ರೆಸ್ಸಿನ ಕೆಳಗೆ ಇಟ್ಟು ಒತ್ತಬೇಕು. ಸಾಕಷ್ಟು ಹೊತ್ತು ಒತ್ತಿದರೆ ಬಣ್ಣ ಬಟ್ಟೆಯನ್ನು ಕಚ್ಚಿಕೊಳ್ಳುತ್ತದೆ. ಬೇಗ ಎತ್ತಿಬಿಟ್ಟರೆ ನೋಡುವುದಕ್ಕೇನೋ ಚೆನ್ನಾಗಿಯೇ ಇರುತ್ತದೆ, ನೀರಿಗೆ ಹಾಕಿದಾಗ ಬಂಡವಾಳ ಬಯಲಾಗುತ್ತದೆ.

ಎಷ್ಟು ಹೊತ್ತು ಒತ್ತಬೇಕು ಎಂದು ಅವಳು ಗಡಿಯಾರ ನೋಡುವುದಿಲ್ಲ. ಯಾವ ಬ್ಯಾಂಡಿನ ಟೀ ಶರ್ಟೋ ಆ ಬ್ಯಾಂಡಿನದೇ ಒಂದು ಹಾಡು ಹಾಕಿಕೊಳ್ಳುತ್ತಾಳೆ. ಅದರ ಪಲ್ಲವಿ ಬೇಕಾದಷ್ಟು ಉದ್ದವಿದೆಯೇ ಎಂದು ಮೊದಲೇ ಅಳೆದಿಟ್ಟುಕೊಂಡು, ಪಲ್ಲವಿ ಶುರುವಾದಾಗ ಪ್ರೆಸ್ ಇಳಿಸಿ, ಮುಗಿದಾಗ ಎತ್ತುತ್ತಾಳೆ. ಹೀಗೆ ಒಂದೇ ಪಲ್ಲವಿ ಬೆಳಗಿನಿಂದ ಸಂಜೆಯವರೆಗೆ ಕಿವಿಗೆ ಬಿದ್ದು ನನ್ನ ತಲೆ ಚಿಟ್ಟು ಹಿಡಿಯುತ್ತಿತ್ತು. ಪಕ್ಕದ ಮನೆಯಾಕೆ ಏನು ನಿಮ್ಮಲ್ಲಿ ಜಗಳವೇ ಎಂದು ಎರಡು ಸಲ ಬಂದು ವಿಚಾರಿಸಿದ್ದಳು.

ಮೊದಲೆಲ್ಲ ಸಣ್ಣಪುಟ್ಟ ಬ್ಯಾಂಡಿನವರೇ ಬರುತ್ತಿದ್ದರು. ಈ ಸಲ ಸ್ವಲ್ಪ ಹೆಸರು ಮಾಡಿದವರು ಬಂದರು. ಅವರು ಊರೂರು ತಿರುಗಿ ಹಾಡುವಾಗ ಮಾರುವುದಕ್ಕೆ ರಾಶಿ ಟೀ ಶರ್ಟ್ ಬೇಕಿತ್ತು. ಕಪ್ಪು ಬಟ್ಟೆಯ ಮೇಲೆ ಬಿಳಿ ಗೂಬೆ. ದುಡ್ಡು ಕೊಟ್ಟು ತಮ್ಮ ಮೇಲೆ ತಾವೇ ಗೂಬೆ ಕೂರಿಸಿಕೊಳ್ಳುವವರೂ ಇದ್ದಾರಲ್ಲ ಎಂದು ನಾನು ನಕ್ಕೆ. ಅದೇ ವಾರ ಕ್ಲಿನಿಕ್ಕಿನ ಡಾಕ್ಟರು, ಹಳೆಯ ಕೆಲಸ ಖಾಲಿಯಿದೆ, ಬರುತ್ತೀಯಾ ಎಂದು ಹೇಳಿ ಕಳಿಸಿದ್ದರು. ಸೊಸೆ ಬಣ್ಣದ ಕೈಯಲ್ಲೇ ಬಂದು ನನ್ನೆದುರು ನಿಂತಳು.

"ಅತ್ತೆ, ಈ ಸಲದ್ದು ಕೆಟ್ಟರೆ ಪ್ರೆಸ್ ಮಾರಿ ವಾಪಸ್ ಹೋಗ್ತೀನಿ. ನಿಮ್ಮಾಣೆ."

ಹಾಗೇ ಆಗಲಿ ಎಂದೆ. ನನಗೆ ಒಳಗೊಳಗೇ ಖುಷಿಯೂ ಆಯಿತು. ಆದರೆ ಅವಳು ತಿರುಗಿ ಕೋಣೆಗೆ ಹೋದ ರೀತಿ ನೋಡಿ ಆ ಖುಷಿ ಬಹಳ ಹೊತ್ತು ಉಳಿಯಲಿಲ್ಲ.

ಆ ಬ್ಯಾಂಡಿನವರು ನಮ್ಮೂರಲ್ಲಿ ಹಾಡುವ ದಿನ ಬೆಳಿಗ್ಗೆ ಮಗ ತನ್ನ ಸಾಮಾನು ಸಾಗಿಸುವ ವ್ಯಾನಿನಲ್ಲಿ ಟೀ ಶರ್ಟುಗಳನ್ನೆಲ್ಲ ಕಾರ್ಯಕ್ರಮದ ಸಭಾಂಗಣಕ್ಕೆ ಮುಟ್ಟಿಸಿ ಬಂದ. ತೋಳಿನ ಹತ್ತಿರ ಕಲೆಯಾಗಿದ್ದ ಒಂದು ಉಳಿದಿತ್ತು. ಮನೆ ಒರೆಸುವಾಗ ಹಾಕಿಕೊಳ್ಳಿ ಎಂದು ಸೊಸೆ ಅದನ್ನು ನನಗೆ ಕೊಟ್ಟಿದ್ದಳು. ಹೊಸ ಬಟ್ಟೆಯನ್ನು ಒಗೆಯದೆ ಮೈಗೆ ಹಾಕುವ ಅಭ್ಯಾಸ ನನಗಿಲ್ಲ. ನೆನೆಸಿ ಉಜ್ಜಿದೆ ನೋಡಿ, ಗೂಬೆಯ ಒಂದು ರೆಕ್ಕೆ ಸಿಪ್ಪೆ ಎದ್ದು ನನ್ನ ಅಂಗೈಗೇ ಬಂತು.

ಸೊಸೆ ಓಡಿ ಬಂದು ತಾನೂ ಉಜ್ಜಿದಳು. ಇನ್ನೊಂದು ರೆಕ್ಕೆಯೂ ಹೋಯಿತು. ಪ್ರೆಸ್ ಹಚ್ಚಿ ನೋಡಿದಳು, ಕಾವು ಸರಿಯಾಗಿಯೇ ಇತ್ತು. ಆಮೇಲೆ ಹಾಡು ಹಾಕಿ, ಗಡಿಯಾರದ ಮುಂದೆ ನಿಂತಳು. ಪಲ್ಲವಿ ಅಷ್ಟು ಬೇಗ ಮುಗಿದದ್ದು ಕಂಡು ಹಣೆ ಚಚ್ಚಿಕೊಂಡಳು. ಬ್ಯಾಂಡಿನವರು ಅದೇ ಹಾಡನ್ನು ಹೊಸದಾಗಿ ರೆಕಾರ್ಡ್ ಮಾಡಿ ಕಳಿಸಿದ್ದರು, ಅಚ್ಚು ಹಾಕುವಾಗ ಇವಳು ಹಾಕಿಕೊಂಡದ್ದು ಅದನ್ನೇ. ಇವಳು ಅಳೆದಿಟ್ಟುಕೊಂಡಿದ್ದದ್ದು ಹಳೆಯದನ್ನು. ಹಳೆಯ ಡ್ರಮ್ಮಿನವನು ನಿಧಾನಸ್ಥ. ಈಗ ಬಂದವನಿಗೆ ಅದೇನು ಅವಸರವೋ, ಮನೆಗೆ ಬೆಂಕಿ ಬಿದ್ದವರ ಹಾಗೆ ಬಾರಿಸಿದ್ದ. ಅವನ ಕೈ ಓಡಿದ್ದಕ್ಕೆ ಇಲ್ಲಿ ಟೀ ಶರ್ಟೆಲ್ಲ ಹಸಿಬಿಸಿಯಾಗಿ ಹೋಗಿದ್ದವು.

ಮಗನಿಗೆ ಫೋನು ಮಾಡಿದರೆ, ಸುಮ್ಮನಿದ್ದುಬಿಡಿ, ಜನ ಒಗೆಯುವ ಹೊತ್ತಿಗೆ ಬ್ಯಾಂಡಿನವರು ಬೇರೆ ಊರಲ್ಲಿರುತ್ತಾರೆ ಎಂದ. ನನಗೂ ಒಂದು ಗಳಿಗೆ ಅದೇ ಸರಿ ಅನ್ನಿಸಿತು. ಸೊಸೆ ಫೋನು ಕಸಿದುಕೊಂಡಳು.

"ದುಡ್ಡು ಕೊಟ್ಟು ತಗೊಂಡವರು ಇದೇ ಊರಲ್ಲಿ ಇರ್ತಾರಲ್ಲ. ನೀವು ಮೊದಲು ವ್ಯಾನ್ ತಗೊಂಡು ಬನ್ನಿ, ಪ್ರೆಸ್ ಅಲ್ಲಿಗೆ ಸಾಗಿಸಬೇಕು."

ಕರೆಯದಿದ್ದರೂ ನಾನು ವ್ಯಾನು ಹತ್ತಿದೆ. ಆ ಮುಖ ಹೊತ್ತ ಹುಡುಗಿಯನ್ನು ಒಬ್ಬಳನ್ನೇ ಹೇಗೆ ಕಳಿಸಲಿ?

ಸಭಾಂಗಣದ ಬಾಗಿಲು ಜನಕ್ಕೆ ಇನ್ನೂ ತೆರೆದಿರಲಿಲ್ಲ, ಪುಣ್ಯ. ಟೀ ಶರ್ಟುಗಳು ಮಡಿಸಿದಂತೆಯೇ ಮೇಜಿನ ಮೇಲಿದ್ದವು. ಸೊಸೆ ಹಾಡುಗಾರನನ್ನು ಹುಡುಕಿ, ರೆಕ್ಕೆ ಕಿತ್ತುಹೋದ ಗೂಬೆಯನ್ನು ತೋರಿಸಿ, ಒಂದನ್ನೂ ಮುಚ್ಚಿಡದೆ ಹೇಳಿದಳು. ತಪ್ಪು ತನ್ನದೇ, ಹೊಸ ಹಾಡನ್ನು ತಾನು ಅಳೆಯಬೇಕಿತ್ತು ಎಂದಳು. ಅವನು ಆ ಟೀ ಶರ್ಟನ್ನು ತಿರುಗಿಸಿ ತಿರುಗಿಸಿ ನೋಡಿದ. ನನಗೆ ಜೀವ ಬಾಯಿಗೆ ಬಂತು. ಕೊನೆಗೆ ಡ್ರಮ್ಮಿನವನ ಕಡೆ ತಿರುಗಿ, ನಿಧಾನ ಬಾರಿಸು ಅಂತ ನಾನು ಬಡಕೊಂಡಿರಲಿಲ್ವಾ ಎಂದ. ಡ್ರಮ್ಮಿನವನು ಕಿವಿ ಕೆರೆದುಕೊಂಡ.

ನೀರು ಮುಟ್ಟಿಸಿರಲಿಲ್ಲವಾದ್ದರಿಂದ ಇನ್ನೊಮ್ಮೆ ಒತ್ತಿದರೆ ಉಳಿಯಬಹುದು ಎಂದು ಸೊಸೆ ಹೇಳಿದಳು. ಉಳಿಯುತ್ತದೆ ಅನ್ನಲಿಲ್ಲ, ಉಳಿಯಬಹುದು ಎಂದಳು. ವೇದಿಕೆಯ ಹಿಂದೆ ಪ್ರೆಸ್ ಹಚ್ಚಿದೆವು. ಈ ಸಲ ಹಾಡಿಲ್ಲ, ಗೀಡಿಲ್ಲ. ಮಗ ವಾಚು ನೋಡಿ ಹೇಳುವವರೆಗೆ ಅವಳು ಹಿಡಿ ಬಿಡಲಿಲ್ಲ. ಮೊದಲನೆಯದು ಆರುತ್ತಲೇ ಹಾಡುಗಾರ ಅದನ್ನು ಎತ್ತಿಕೊಂಡು ಕೈತೊಳೆಯುವ ಬೇಸಿನ್ನಿಗೆ ಹೋದ. ನಾವೆಲ್ಲ ಅವನ ಬೆನ್ನ ಹಿಂದೆ. ಸೋಪು ಹಚ್ಚಿ ಯಾವ ಜನ್ಮದ ಸಿಟ್ಟೋ ಎಂಬಂತೆ ಉಜ್ಜಿದ, ಹಿಂಡಿದ, ಕೊಡವಿ ಎತ್ತಿ ಹಿಡಿದ.

ಗೂಬೆ ಎರಡೂ ರೆಕ್ಕೆ ಬಿಚ್ಚಿಕೊಂಡು ಹಾಗೇ ಕೂತಿತ್ತು. ಅಬ್ಬಾ, ಸದ್ಯ! ಹೋದ ಜೀವ ಬಂದಂತಾಯಿತು. ಸೊಸೆ ಗೋಡೆಗೆ ಒರಗಿ ನಿಂತು ಅತ್ತಳು, ನಡುವೆ ನಕ್ಕಳು, ಮತ್ತೆ ಅತ್ತಳು. ನನ್ನ ಕಣ್ಣೂ ಒದ್ದೆಯಾಯಿತು, ಸುಳ್ಳು ಯಾಕೆ ಹೇಳಲಿ.

ಉಳಿದವನ್ನು ಎಲ್ಲರೂ ಸೇರಿ ಮುಗಿಸಿದೆವು. ಡ್ರಮ್ಮಿನವನು ಮಡಿಕೆ ಬಿಚ್ಚಿ ಕೊಡುತ್ತಿದ್ದ, ನಾನು ಮಡಿಸುತ್ತಿದ್ದೆ. ಸರಿಯಾಗಿ ಬಿಚ್ಚೋ ಎಂದು ಅವನಿಗೆ ಬೈದೂ ಬೈದೆ. ಹೋಗುವ ಮುಂಚೆ ಹಾಡುಗಾರ ಸೊಸೆಯ ಹತ್ತಿರ ಬಂದ.

"ಅಕ್ಕಾ, ನೀವು ಹೇಳದೇ ಇದ್ದಿದ್ರೆ ಊರೂರಲ್ಲೂ ನಮ್ಮ ಮಾನ ಹೋಗ್ತಿತ್ತು. ಮುಂದಿನ ಸಲವೂ ನೀವೇ ಮಾಡಿಕೊಡಿ."

ಬಾಗಿಲು ತೆರೆದರು, ಜನ ಮೇಜಿಗೆ ಮುತ್ತಿದರು. ಸೊಸೆ ನನ್ನ ಪಕ್ಕಕ್ಕೆ ಬಂದು, ನನ್ನ ಮುಖ ನೋಡದೆ, ಮೆಲ್ಲಗೆ ಕೇಳಿದಳು.

"ಅತ್ತೆ, ಡಾಕ್ಟರಿಗೆ ಏನಂತ ಹೇಳಲಿ?"

"ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ ಅಂತ ಹೇಳು. ಇದನ್ನ ಬಿಟ್ಟು ಹೋದ್ರೆ ಕಾಲು ಮುರೀತೀನಿ" ಎಂದೆ.